ಪಾವಲಿಯ ಬೆಳ್ಳಿ, ಕ್ವಾರ್ಟರಿನ ಬೆಳ್ಳಿ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮಿಪುರಂ ಕಡೆಯ ಅನೇಕ ಮನೆಗಳಲ್ಲಿ ಈಗ ಎರಡು ದೇಶಗಳ ನಾಲ್ಕಾಣೆ ಒಂದೇ ಡಬ್ಬಿಯಲ್ಲಿ ಸೇರಿಕೊಂಡಿವೆ. ಒಂದು, ಅಜ್ಜಿಯ ಕಾಲದಿಂದ ಬೀರುವಿನಲ್ಲಿ ಉಳಿದುಬಂದ, ಜಾರ್ಜ್ ದೊರೆಯ ತಲೆಯಿರುವ ಪಾವಲಿ. ಇನ್ನೊಂದು, ಅಮೆರಿಕದಲ್ಲಿರುವ ಮಗನೋ ಸೊಸೆಯೋ ರಜೆಗೆ ಬಂದಾಗ ಜೇಬಿನಲ್ಲೇ ಉಳಿದುಹೋದ ಕ್ವಾರ್ಟರ್. ಅದು ರೂಪಾಯಿಯ ಕಾಲು ಭಾಗ, ಇದು ಡಾಲರಿನ ಕಾಲು ಭಾಗ. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು; ಚಿಲ್ಲರೆ ಎಣಿಸುತ್ತ ಎಣಿಸುತ್ತಲೇ ನಾಣ್ಯದ ಹುಚ್ಚು ಹತ್ತಿಸಿಕೊಂಡವಳು. ಹಾಗಾಗಿ ನಮ್ಮ ಬೀದಿಯವರು ಡಬ್ಬಿ ಹಿಡಿದು ಮನೆಗೆ ಬರುತ್ತಾರೆ. ಕೇಳುವುದು ಯಾವಾಗಲೂ ಒಂದೇ: “ಮೇಡಂ, ಇದಕ್ಕೆ ಎಷ್ಟು ಸಿಗಬಹುದು?”

ಉತ್ತರಕ್ಕೆ ಮೊದಲು ಮೂರು ಬೆಲೆಗಳನ್ನು ಬಿಡಿಸಿ ಹೇಳುತ್ತೇನೆ. ನಾಣ್ಯದ ಮೇಲೆ ಅಚ್ಚಾಗಿರುವುದು ಮುಖಬೆಲೆ. ಕರಗಿಸಿದರೆ ಚಿನಿವಾರಪೇಟೆಯಲ್ಲಿ ಹುಟ್ಟುವುದು ಲೋಹದ ಬೆಲೆ. ಅದೇ ನಾಣ್ಯಕ್ಕಾಗಿ ಹುಡುಕುತ್ತಿರುವ ಸಂಗ್ರಾಹಕರು ಕೊಡಲು ಒಪ್ಪುವುದು ಮೂರನೆಯ ಬೆಲೆ. ಇವು ಮೂರೂ ತಲೆಯಲ್ಲಿ ಕಲಸಿಹೋದಾಗ ಜನ ಹತ್ತು ರೂಪಾಯಿ ಹುಟ್ಟದ ನಾಣ್ಯಕ್ಕೆ ಲಕ್ಷದ ಆಸೆ ಪಡುತ್ತಾರೆ, ನಿಜಕ್ಕೂ ಬೆಲೆಬಾಳುವುದನ್ನು ತೂಕಕ್ಕೆ ಹಾಕಿ ಕರಗಿಸಿಬಿಡುತ್ತಾರೆ. ಎರಡನೆಯದೇ ನನಗೆ ಹೆಚ್ಚು ಸಂಕಟ. ಆಸೆಪಟ್ಟವರಿಗೆ ನಿರಾಸೆಯಾದೀತು, ಅಷ್ಟೆ. ಕುಲುಮೆಗೆ ಬಿದ್ದ ನಾಣ್ಯ ಮಾತ್ರ ಮತ್ತೆ ಸಿಗುವುದಿಲ್ಲ.

ನಮ್ಮ ಪಾವಲಿಯಿಂದಲೇ ಶುರುಮಾಡುತ್ತೇನೆ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಳ್ವಿಕೆಯ ಉದ್ದಗಲಕ್ಕೂ ಒಂದೇ ಬಗೆಯ ರೂಪಾಯಿ ತಂದಿತು. ರೂಪಾಯಿಯ ತೂಕ 180 ಗ್ರೇನ್, ಅಂದರೆ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಗಟ್ಟಿತನಕ್ಕೆ ಒಂದು ಪಾಲು ತಾಮ್ರ. ಬರೀ ಬೆಳ್ಳಿ ಮೆತ್ತಗಿರುತ್ತದೆ. ಕೈಯಿಂದ ಕೈಗೆ ಓಡಾಡಿದರೆ ಬೇಗ ಸವೆಯುತ್ತದೆ. ಪಾವಲಿ ಎಂದರೆ ರೂಪಾಯಿಯ ಸರಿಯಾಗಿ ಕಾಲು ತೂಕ, 2.92 ಗ್ರಾಂ. ನಾಲ್ಕು ಪಾವಲಿ ತಕ್ಕಡಿಗೆ ಹಾಕಿದರೆ ಒಂದು ತೊಲ. ಅಕ್ಕಸಾಲಿಗಳು ರೂಪಾಯಿಯನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದದ್ದೂ ಇದರಿಂದಲೇ.

ಮೈಸೂರು ಸೀಮೆಗೆ ಅದಕ್ಕೂ ಮುಂಚೆ ತನ್ನದೇ ಕಾಲು ರೂಪಾಯಿ ಇತ್ತು. ಟಿಪ್ಪು ಸುಲ್ತಾನ್ ತನ್ನ ನಾಣ್ಯಗಳಿಗೆಲ್ಲ ಒಂದೊಂದು ಹೆಸರಿಟ್ಟಿದ್ದ. ಬೆಳ್ಳಿಯಲ್ಲಿ ಎರಡು ರೂಪಾಯಿಯದ್ದು ಹೈದರಿ, ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಖಿರಿ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದವುಗಳ ಮೇಲೆ ‘ಪಟನ್’ ಎಂಬ ಊರ ಹೆಸರಿರುತ್ತದೆ. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲೇ ಬೆಳ್ಳಿ ರೂಪಾಯಿಯೂ ತಾಮ್ರದ ಕಾಸುಗಳೂ ಬಂದವು. ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರರಲ್ಲೂ ಬರಹವಿರುವ ಇಪ್ಪತ್ತರ ಮೈಲಿ ಕಾಸನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು. ಇಷ್ಟು ಚಿಕ್ಕ ಊರು ಎಷ್ಟು ಜನರ ಜೊತೆ ವ್ಯವಹಾರ ಮಾಡುತ್ತಿತ್ತು ಎಂಬುದನ್ನು ಆ ತಾಮ್ರದ ತುಂಡೇ ಹೇಳುತ್ತದೆ. ಮೈಸೂರಿನ ಈ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು.

1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು. ಆದರೆ ಆ ಒಪ್ಪಂದಪತ್ರದಲ್ಲಿ, ನಿಂತುಹೋದ ಮೈಸೂರು ನಾಣ್ಯವನ್ನು ಮತ್ತೆ ಹೊರಡಿಸಬಾರದು, ಭಾರತ ಸರ್ಕಾರದ ನಾಣ್ಯವೇ ಇಲ್ಲೂ ನಡೆಯಬೇಕು ಎಂಬ ಷರತ್ತಿತ್ತು. ಹೈದರಾಬಾದಿನ ನಿಜಾಮರು ತಮ್ಮದೇ ರೂಪಾಯಿ ನಡೆಸಿಕೊಂಡು ಬಂದರು. ನಮ್ಮಲ್ಲಿ ಮಾತ್ರ ಅರಮನೆಯಲ್ಲಿ ಒಡೆಯರು, ನಾಣ್ಯದ ಮೇಲೆ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್. “ನಾಲ್ವಡಿಯವರ ತಲೆ ಇರೋ ರೂಪಾಯಿ ಯಾಕಿಲ್ಲ?” ಎಂದು ಕೇಳುವವರಿಗೆ ಉತ್ತರ ಆ ಷರತ್ತಿನಲ್ಲಿದೆ. ಇದರ ಹಿಂದುಮುಂದು ತಿಳಿಯಬೇಕೆಂದವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ಎ.ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದದ್ದನ್ನು ಹುಡುಕಿ ಓದಬೇಕು. ಇವತ್ತು ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವಿದೆ. ನಾಣ್ಯದ ಅಚ್ಚು ಮಾತ್ರ ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾಗಳಲ್ಲಿ ಬೀಳುತ್ತದೆ.

ಇನ್ನು ಪಾವಲಿಯೊಳಗಿನ ಬೆಳ್ಳಿ ಎಲ್ಲಿಗೆ ಹೋಯಿತು ಎಂಬ ಕಥೆ. ಇದರಲ್ಲಿ ಅಮೆರಿಕ ಎರಡು ಸಲ ಬರುತ್ತದೆ, ಅದಕ್ಕೇ ಈ ಕಥೆ ಹೇಳಲು ನನಗೆ ಇಷ್ಟ.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ನಮ್ಮಿಂದ ಧಾನ್ಯ, ಸೆಣಬು, ಸೈನಿಕರು ಎಲ್ಲವನ್ನೂ ತೆಗೆದುಕೊಂಡಿತು. ಕೂಲಿಗೂ ಸರಕಿಗೂ ರೂಪಾಯಿ ಕೊಡಬೇಕಾಯಿತು. ಜನ ನೋಟು ತಂದು ಬೆಳ್ಳಿ ಕೊಡಿ ಎಂದು ಕೂತರು. 1918ರ ಹೊತ್ತಿಗೆ ಸರ್ಕಾರದ ಬೆಳ್ಳಿ ಮುಗಿಯುವ ಹಂತಕ್ಕೆ ಬಂದಿತ್ತು. ಆಗ ಅಮೆರಿಕ ಪಿಟ್‌ಮನ್ ಕಾಯ್ದೆ ಎಂಬುದನ್ನು ಮಾಡಿ, ತನ್ನ ಖಜಾನೆಯಲ್ಲಿದ್ದ 27 ಕೋಟಿ ಬೆಳ್ಳಿ ಡಾಲರ್ ನಾಣ್ಯಗಳನ್ನು ಕರಗಿಸಿತು. ಅದರಲ್ಲಿ ಸುಮಾರು 25.9 ಕೋಟಿ ಡಾಲರುಗಳ ಬೆಳ್ಳಿಯನ್ನು ಔನ್ಸಿಗೆ ಒಂದು ಡಾಲರಿನಂತೆ ಬ್ರಿಟನ್ನಿಗೆ ಮಾರಿತು, ಭಾರತದ ರೂಪಾಯಿಗೆಂದೇ. ನಿಮ್ಮ ಮನೆಯಲ್ಲಿ 1918 ಅಥವಾ 1919ರ ಇಸವಿಯ ಬೆಳ್ಳಿ ರೂಪಾಯಿ ಇದ್ದರೆ, ಅದರ ಬೆಳ್ಳಿ ಒಂದು ಕಾಲಕ್ಕೆ ಅಮೆರಿಕದ ಡಾಲರ್ ಆಗಿದ್ದಿರಬಹುದು.

ಅಷ್ಟಾದರೂ ಸಾಲಲಿಲ್ಲ. ಚಿಕ್ಕ ನಾಣ್ಯಗಳಿಂದ ಬೆಳ್ಳಿ ಉಳಿಸಲು 1919ರಲ್ಲಿ ತಾಮ್ರ-ನಿಕ್ಕಲ್ ಬೆರಕೆಯ, ಎಂಟು ಬದಿಯ ನಾಲ್ಕಾಣೆ ತಂದರು. 1921ರವರೆಗೆ ಮಾತ್ರ ಅಚ್ಚು ಹಾಕಿ ನಿಲ್ಲಿಸಿಬಿಟ್ಟರು. ಈಗ ಅದು ಡಬ್ಬಿಯಲ್ಲಿ ಸಿಕ್ಕರೆ ಮಕ್ಕಳು “ಇದು ಟೋಕನ್ನಾ?” ಎಂದು ಕೇಳುತ್ತಾರೆ. ಬೆಳ್ಳಿಯ ಚೂರೂ ಇಲ್ಲದ ಅದನ್ನು ಸಂಗ್ರಾಹಕರು ಮುಖಬೆಲೆಯ ಎಷ್ಟೋ ಪಟ್ಟು ಕೊಟ್ಟು ಕೊಳ್ಳುತ್ತಾರೆ. ಲೋಹದ ಬೆಲೆ ಬೇರೆ, ಸಂಗ್ರಹದ ಬೆಲೆ ಬೇರೆ ಎಂದು ಹೇಳಬೇಕಾದಾಗ ನಾನು ಮೊದಲು ತೆಗೆದು ತೋರಿಸುವ ನಾಣ್ಯ ಇದೇ.

ಎರಡನೆಯ ಮಹಾಯುದ್ಧದಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. 1940ರಲ್ಲಿ ಫ್ರಾನ್ಸ್ ಸೋತ ಸುದ್ದಿ ಬಂದದ್ದೇ, ಜನ ನೋಟಿನ ಮೇಲೆ ನಂಬಿಕೆ ಬಿಟ್ಟು ಬೆಳ್ಳಿ ನಾಣ್ಯ ಹೂತಿಡಲು ಶುರುಮಾಡಿದರು. ಸರ್ಕಾರ ಅದೇ ವರ್ಷ ಪಾವಲಿ, ಅರ್ಧ ರೂಪಾಯಿ, ರೂಪಾಯಿ ಎಲ್ಲದರ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ನೂರರಲ್ಲಿ 50 ಪಾಲು ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ಗಾತ್ರ ಅದೇ, ದೊರೆ ಅವನೇ, ಒಳಗಿನ ತಿರುಳು ಬೇರೆ. ಇಸವಿ 1940 ಎಂದಿರುವ ಪಾವಲಿ ಸಿಕ್ಕರೆ ಅದಕ್ಕೇ ಎಚ್ಚರ ಬೇಕು. ಪೂರ್ತಿ ಬೆಳ್ಳಿಯದ್ದೂ ಅರ್ಧ ಬೆಳ್ಳಿಯದ್ದೂ ಆ ವರ್ಷದ್ದೇ ಇವೆ. 1943ರಿಂದ 45ರವರೆಗಿನ ಕೆಲವು ಪಾವಲಿಗಳ ಮೇಲೆ ‘ಎಲ್’ ಎಂಬ ಪುಟ್ಟ ಅಕ್ಷರ ಕಾಣುತ್ತದೆ. ಅವು ಲಾಹೋರಿನ ಟಂಕಸಾಲೆಯವು. ಲಾಹೋರಿನಲ್ಲಿ ಅಚ್ಚಾಗಿ ಮೈಸೂರಿನ ಸಂತೇಪೇಟೆಯ ಗಲ್ಲಾಪೆಟ್ಟಿಗೆಗೆ ಬಂದು ಬಿದ್ದ ನಾಣ್ಯ, ಅದೂ ದೇಶ ಎರಡಾಗುವುದಕ್ಕೆ ಸ್ವಲ್ಪ ಮುಂಚೆ. ಇಂಥದ್ದನ್ನು ಕರಗಿಸಲು ಯಾರಿಗಾದರೂ ಹೇಗೆ ಮನಸ್ಸು ಬರುತ್ತದೋ!

ಆ ಯುದ್ಧದಲ್ಲೂ ಅಮೆರಿಕ ಬೆಳ್ಳಿ ಕಳಿಸಿತು, ಈ ಸಲ ಸಾಲವಾಗಿ. ಲೆಂಡ್-ಲೀಸ್ ಒಪ್ಪಂದದಲ್ಲಿ ಭಾರತಕ್ಕೆ ಬಂದದ್ದು 22.6 ಕೋಟಿ ಔನ್ಸ್. ಬೆಳ್ಳಿಯನ್ನು ಬೆಳ್ಳಿಯಾಗಿಯೇ ಹಿಂತಿರುಗಿಸಬೇಕೆಂಬುದು ಕರಾರು. ಹಣದಲ್ಲಿ ತೀರಿಸುವ ಸಾಲವಾಗಿದ್ದರೆ ಏನಾಗುತ್ತಿತ್ತೋ, ಬೆಳ್ಳಿಯೇ ಬೇಕೆಂದಾಗ ಚಲಾವಣೆಯ ನಾಣ್ಯಕ್ಕೇ ಕೈಹಾಕಬೇಕಾಯಿತು. 1946ರಲ್ಲಿ ಪಾವಲಿಯಿಂದ ಬೆಳ್ಳಿ ಪೂರ್ತಿ ಮಾಯವಾಗಿ ಬರೀ ನಿಕ್ಕಲ್ ಬಂತು, ಹಿಂಬದಿಯಲ್ಲಿ ಹುಲಿಯ ಚಿತ್ರದೊಂದಿಗೆ. ಅರ್ಧ ಬೆಳ್ಳಿಯ ಹಳೆಯ ನಾಣ್ಯಗಳನ್ನು ಹಿಂದಕ್ಕೆ ಪಡೆದು, ಕರಗಿಸಿ, ಬೆಳ್ಳಿ ಬೇರ್ಪಡಿಸಿ ಆ ಸಾಲ ತೀರಿಸಿದರು. ಅಂಗಡಿಗಳಲ್ಲಿ ವಿಕ್ಟೋರಿಯಾ ರೂಪಾಯಿಯಷ್ಟು ಸಲೀಸಾಗಿ ಅರ್ಧ ಬೆಳ್ಳಿಯ, ಚೆನ್ನಾಗಿ ಉಳಿದ ಪಾವಲಿ ಸಿಗುವುದಿಲ್ಲ ಎಂಬುದು ನನ್ನ ಅನುಭವ. ಹೆಣ್ಣುಮಕ್ಕಳು ಕೂಡಿಟ್ಟದ್ದು ಹಳೆಯ ಒಳ್ಳೆಯ ಬೆಳ್ಳಿಯನ್ನು; ಬೆರಕೆಯದ್ದನ್ನು ಖರ್ಚು ಮಾಡಿಬಿಟ್ಟರು.

ಕಳೆದ ಆಷಾಢದಲ್ಲಿ ಎದುರುಮನೆಯ ಅಜ್ಜಿ, ನ್ಯೂಜೆರ್ಸಿಯಿಂದ ಬಂದಿದ್ದ ಮೊಮ್ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿ ತುಂಬ ನಾಣ್ಯ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಇಸವಿಯ ಪ್ರಕಾರ ಸಾಲಾಗಿ ಜೋಡಿಸಿ, ಹುಡುಗಿಯ ಕೈಗೆ ಒಂದು ಅಯಸ್ಕಾಂತ ಕೊಟ್ಟೆ. 1936ರ ಪಾವಲಿ ಅಲುಗಲಿಲ್ಲ. 1943ರದ್ದೂ ಅಷ್ಟೆ. 1946ರ ಹುಲಿ ಟಕ್ಕೆಂದು ಹಾರಿ ಅಂಟಿಕೊಂಡಿತು. 1950ರ ಅಶೋಕ ಸಿಂಹದ ಕಾಲು ರೂಪಾಯಿಯೂ, 1957ರ 25 ನಯಾಪೈಸೆಯೂ ಅಂಟಿದವು, ಅವೂ ನಿಕ್ಕಲ್ಲೇ. 1970ರ ದಶಕದ 25 ಪೈಸೆ ಮತ್ತೆ ಅಲುಗಲಿಲ್ಲ. 1972ರಿಂದ ಅದು ತಾಮ್ರ-ನಿಕ್ಕಲ್ ಬೆರಕೆ. ನಿಕ್ಕಲ್ ಕಾಲು ಭಾಗವಷ್ಟೇ ಇರುವುದರಿಂದ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಕೊನೆಯಲ್ಲಿ 1988ರಿಂದ ಬಂದ ಘೇಂಡಾಮೃಗದ ಸ್ಟೀಲ್ 25 ಪೈಸೆ, ಅದು ಅಂಟಿತು. ಹುಡುಗಿ ತನ್ನ ಕ್ವಾರ್ಟರ್‌ಗಳನ್ನೂ ಒಂದೊಂದಾಗಿ ಮುಟ್ಟಿಸಿ ನೋಡಿದಳು. ಒಂದೂ ಅಂಟಲಿಲ್ಲ.

“ಹಾಗಾದ್ರೆ ಇವೆಲ್ಲ ಸಿಲ್ವರ್ರಾ ಅಜ್ಜಿ?”

“ಇಲ್ಲ ಮರಿ. ಅಂಟಿದ್ದು ಬೆಳ್ಳಿ ಅಲ್ಲ ಅಂತ ಖಂಡಿತ ಹೇಳ್ಬಹುದು. ಅಂಟದೇ ಇರೋದೆಲ್ಲ ಬೆಳ್ಳಿ ಅಂತ ಹೇಳೋಕಾಗಲ್ಲ. ಈಗ ಅದರ ಅಂಚು ನೋಡು.”

ಕ್ವಾರ್ಟರನ್ನು ಬೆರಳುಗಳ ನಡುವೆ ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದೆ. ಸುತ್ತಲೂ ಸಣ್ಣ ಸಣ್ಣ ಕಚ್ಚುಗಳ ಸಾಲು, ಆ ಸಾಲಿನ ನಡುವೆ ಕೆಂಪಗಿನ ಒಂದು ಗೆರೆ. ಒಬ್ಬಟ್ಟಿನೊಳಗಿನ ಹೂರಣದ ಹಾಗೆ, ನಡುವೆ ಅಪ್ಪಟ ತಾಮ್ರ. ಮೇಲೆ ಕೆಳಗೆ ತಾಮ್ರ-ನಿಕ್ಕಲ್ಲಿನ ಬೆಳ್ಳಗಿನ ಪದರ. ಒಟ್ಟು ಲೆಕ್ಕ ಹಾಕಿದರೆ ನೂರಕ್ಕೆ 91.67 ಪಾಲು ತಾಮ್ರ, 8.33 ಪಾಲು ನಿಕ್ಕಲ್, ತೂಕ 5.67 ಗ್ರಾಂ. “ಇಷ್ಟು ವರ್ಷ ಇದನ್ನ ಬೆಳ್ಳಿ ಅಂದ್ಕೊಂಡು ದೇವರ ಮನೇಲಿ ಇಟ್ಟಿದ್ದೆ ಕಣ್ರೀ,” ಎಂದರು ಅಜ್ಜಿ. ದೇವರ ಮನೆಯಿಂದ ತೆಗೆಯುವುದೇನೂ ಬೇಡ ಎಂದೆ. ಮೊಮ್ಮಗಳ ಊರಿನ ನಾಣ್ಯ ಅಲ್ಲವೆ.

ಅಮೆರಿಕದ ಕ್ವಾರ್ಟರ್ ಕೂಡ ಒಂದು ಕಾಲಕ್ಕೆ ಬೆಳ್ಳಿಯದೇ. 1964ರವರೆಗಿನ ಇಸವಿ ಇರುವ ಕ್ವಾರ್ಟರ್ ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ, ತೂಕ 6.25 ಗ್ರಾಂ. ಜಾರ್ಜ್ ವಾಷಿಂಗ್ಟನ್ ಹುಟ್ಟಿ ಇನ್ನೂರು ವರ್ಷವಾದ ನೆನಪಿಗೆ 1932ರಲ್ಲಿ ಅವರ ತಲೆ ಬಂತು. ಅರವತ್ತರ ದಶಕದಲ್ಲಿ ಬೆಳ್ಳಿಯ ದರ ಏರುತ್ತ ಹೋಯಿತು. ಔನ್ಸಿಗೆ 1.38 ಡಾಲರ್ ದಾಟಿದರೆ ಕ್ವಾರ್ಟರಿನೊಳಗಿನ ಬೆಳ್ಳಿಯೇ 25 ಸೆಂಟಿಗಿಂತ ಹೆಚ್ಚಾಗುತ್ತದೆ; ಆಮೇಲೆ ಯಾವ ದೇಶದಲ್ಲೇ ಆಗಲಿ, ನಾಣ್ಯ ಅಂಗಡಿಯಲ್ಲಿ ಉಳಿಯುವುದಿಲ್ಲ, ಕುಲುಮೆಗೆ ಹೋಗುತ್ತದೆ. 1965ರ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದರು. ಈ ತಾಮ್ರದ ಹೂರಣದ ನಾಣ್ಯ ಬಂದದ್ದು ಆಗ. ಇದೇ ಪದರದ ಜೋಡಣೆ ಆರಿಸಿಕೊಳ್ಳಲು ಒಂದು ಗಟ್ಟಿ ಕಾರಣವಿತ್ತು. ಅಮೆರಿಕದಲ್ಲಿ ಆಗಲೇ ತಂಪು ಪಾನೀಯ, ಸಿಗರೇಟು, ಬಟ್ಟೆ ಒಗೆಯುವುದು ಎಲ್ಲಕ್ಕೂ ಕಾಸು ಹಾಕುವ ಯಂತ್ರಗಳಿದ್ದವು. ಅವು ನಾಣ್ಯದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದರ ಮೇಲೆ ಅಸಲಿ-ನಕಲಿ ಗುರುತಿಸುತ್ತಿದ್ದವು. ನಡುವೆ ತಾಮ್ರವಿದ್ದರೆ ಹೊಸ ನಾಣ್ಯವೂ ಬೆಳ್ಳಿಯ ಹಾಗೆಯೇ ವರ್ತಿಸುತ್ತಿತ್ತು. ಲಕ್ಷಾಂತರ ಯಂತ್ರಗಳನ್ನು ಬದಲಿಸುವ ಖರ್ಚು ತಪ್ಪಿತು.

ನಮ್ಮ ಪಾವಲಿ ಬೆಳ್ಳಿ ಕಳೆದುಕೊಂಡದ್ದು 1946ರಲ್ಲಿ, ಅವರ ಕ್ವಾರ್ಟರ್ 1965ರಲ್ಲಿ. ಸುಮಾರು ಇಪ್ಪತ್ತು ವರ್ಷದ ಈ ಅಂತರ ಡಬ್ಬಿ ಜಾಲಾಡುವವರಿಗೆ ಮುಖ್ಯ. ಅಮೆರಿಕದಲ್ಲಿ ಅರವತ್ತರ ದಶಕದಲ್ಲೇ ಓದಲು ಹೋಗಿದ್ದ ಮೈಸೂರಿನ ಎಂಜಿನಿಯರ್, ಡಾಕ್ಟರುಗಳ ಮನೆಯ ಡ್ರಾಯರಿನಲ್ಲಿ ಬೆಳ್ಳಿಯ ಕ್ವಾರ್ಟರ್ ಇರುವ ಸಾಧ್ಯತೆ ನಿಜವಾಗಿಯೂ ಇದೆ. ತೊಂಬತ್ತರ ದಶಕದ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು ತಂದ ಚಿಲ್ಲರೆಯಲ್ಲಿ ಅದು ತೀರ ಅಪರೂಪ.

ಲೋಹದ ಬೆಲೆ ಕಟ್ಟುವುದು ಸುಲಭದ ಗುಣಾಕಾರ. ನಾಣ್ಯದ ತೂಕ, ಅದರಲ್ಲಿ ಬೆಳ್ಳಿಯ ಪಾಲು, ಆ ದಿನದ ದರ. ಲೆಕ್ಕಕ್ಕೆ ಸುಲಭವಾಗಲಿ ಎಂದು ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 1964ರ ಕ್ವಾರ್ಟರಿನಲ್ಲಿ 5.62 ಗ್ರಾಂ ಬೆಳ್ಳಿ, ಅಂದರೆ 562 ರೂಪಾಯಿ. 1940ಕ್ಕೆ ಮುಂಚಿನ ಪಾವಲಿಯಲ್ಲಿ 2.67 ಗ್ರಾಂ, 267 ರೂಪಾಯಿ. ಯುದ್ಧಕಾಲದ ಪಾವಲಿಯಲ್ಲಿ 1.46 ಗ್ರಾಂ, 146 ರೂಪಾಯಿ. ದರ ಏರಿದರೂ ಇಳಿದರೂ ಈ ಗ್ರಾಮಿನ ಲೆಕ್ಕ ಬದಲಾಗುವುದಿಲ್ಲ, ಆದ್ದರಿಂದ ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಶೋಕ ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ ಬೆಳ್ಳಿ ಅಂಗಡಿಯವರು ಇದಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತಾರೆ. ಸವೆತದಲ್ಲಿ ಹೋದ ತೂಕ, ಕರಗಿಸಿ ಶುದ್ಧಮಾಡುವ ಖರ್ಚು ಅವರಿಗಿರುತ್ತದೆ. ಅದು ನ್ಯಾಯವೇ. ಆದರೆ ಬೆಳ್ಳಿ ಅಂಗಡಿಯ ತಕ್ಕಡಿ ಇಸವಿಯನ್ನು ಓದುವುದಿಲ್ಲ ಎಂಬುದನ್ನು ಮರೆಯಬಾರದು.

ಇಸವಿ ಓದುವವರೇ ಸಂಗ್ರಾಹಕರು. ಹಳೆಯದಾದರೆ ಬೆಲೆ ಹೆಚ್ಚು ಎಂಬುದು ಎಲ್ಲರ ತಲೆಯಲ್ಲೂ ಕೂತಿರುವ ನಂಬಿಕೆ. ಅದು ಅಷ್ಟು ನೇರವಾಗಿಲ್ಲ. 1964ರ ಬೆಳ್ಳಿ ಕ್ವಾರ್ಟರನ್ನು ನೂರು ಕೋಟಿಗೂ ಮಿಕ್ಕಿ ಅಚ್ಚು ಹಾಕಿದ್ದಾರೆ; ಸವೆದದ್ದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಸಿಗುವುದು ಕಷ್ಟ. 1932ರಲ್ಲಿ ಡೆನ್ವರಿನ ಟಂಕಸಾಲೆ ಹಾಕಿದ್ದು 4,36,800, ಸ್ಯಾನ್ ಫ್ರಾನ್ಸಿಸ್ಕೊ ಹಾಕಿದ್ದು 4,08,000 ಮಾತ್ರ. ಅಮೆರಿಕದಷ್ಟು ದೊಡ್ಡ ದೇಶಕ್ಕೆ ಇದು ಏನೂ ಅಲ್ಲ. ವಾಷಿಂಗ್ಟನ್ ಕ್ವಾರ್ಟರಿನ ಸರಣಿ ಪೂರ್ತಿ ಮಾಡಬೇಕೆನ್ನುವ ಪ್ರತಿಯೊಬ್ಬರಿಗೂ ಇವೆರಡು ಬೇಕೇ ಬೇಕು, ಹಾಗಾಗಿ ಸವೆದಿದ್ದರೂ ಬೆಳ್ಳಿಯ ಅನೇಕ ಪಟ್ಟು ಬೆಲೆ. ಊರಿನ ಗುರುತು ‘ಡಿ’ ಅಥವಾ ‘ಎಸ್’ ಎಂಬ ಅಕ್ಷರ. ಬೆಳ್ಳಿಯ ಕಾಲದ ಕ್ವಾರ್ಟರಿನಲ್ಲಿ ಅದು ಹಿಂಬದಿ, ಹದ್ದಿನ ಕೆಳಗಿನ ಎಲೆಗಳ ಅಡಿಯಲ್ಲಿದೆ. 1968ರಿಂದ ಮುಂಬದಿಗೆ, ವಾಷಿಂಗ್ಟನ್ನರ ಜುಟ್ಟಿನ ಹಿಂದಕ್ಕೆ ಬಂತು. ಬೆಲೆ ಇಷ್ಟಿರುವುದರಿಂದಲೇ ಸಾಮಾನ್ಯ 1932ರ ನಾಣ್ಯಕ್ಕೆ ಆ ಅಕ್ಷರ ಅಂಟಿಸಿ ಮಾರುವ ಮೋಸಗಾರರೂ ಇದ್ದಾರೆ. ಅಕ್ಷರದ ಬುಡದಲ್ಲಿ ಸಣ್ಣ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು.

ಮಕ್ಕಳು ರಾಜ್ಯಕ್ಕೊಂದರಂತೆ ಕೂಡಿಹಾಕಿರುವ ಕ್ವಾರ್ಟರ್‌ಗಳ ಬಗ್ಗೆಯೂ ತುಂಬ ಜನ ಕೇಳುತ್ತಾರೆ. 1999ರಲ್ಲಿ ಡೆಲವೇರಿನಿಂದ ಶುರುವಾಗಿ 2008ರವರೆಗೆ ಐವತ್ತು ರಾಜ್ಯಗಳಿಗೂ ಒಂದೊಂದು ಚಿತ್ರ ಬಂತು. ಎದುರುಮನೆಯ ಹುಡುಗಿಯ ನ್ಯೂಜೆರ್ಸಿಯದರಲ್ಲಿ ವಾಷಿಂಗ್ಟನ್ ದೋಣಿಯಲ್ಲಿ ಡೆಲವೇರ್ ನದಿ ದಾಟುತ್ತಿರುವ ಚಿತ್ರವಿದೆ. ಮಕ್ಕಳಿಗೆ ಭೂಪಟವನ್ನೂ ಚರಿತ್ರೆಯನ್ನೂ ಒಟ್ಟಿಗೆ ಕಲಿಸುವ ಸೊಗಸಾದ ಸರಣಿ. ಹಣದ ಮಾತಿಗೆ ಬಂದರೆ, ಮೂರು ಸಾವಿರ ಕೋಟಿಗೂ ಹೆಚ್ಚು ಅಚ್ಚಾಗಿವೆ. ಚಲಾವಣೆಯಲ್ಲಿ ಸವೆದವುಗಳ ಬೆಲೆ 25 ಸೆಂಟೇ. ಒಂದು ಅಪವಾದ ನೋಡಿಟ್ಟುಕೊಳ್ಳಿ: 2004ರ ವಿಸ್ಕಾನ್ಸಿನ್, ‘ಡಿ’ ಗುರುತಿನದ್ದು. ಅದರ ಮೆಕ್ಕೆಜೋಳದ ತೆನೆಯ ಎಡಕ್ಕೆ, ಕೆಲವು ನಾಣ್ಯಗಳಲ್ಲಿ ಇರಬಾರದ ಇನ್ನೊಂದು ಎಲೆ ಮೂಡಿದೆ. ಆ ಒಂದು ಎಲೆಗೆ ಸಂಗ್ರಾಹಕರು ಮುಖಬೆಲೆಯ ಎಷ್ಟೋ ಪಟ್ಟು ಕೊಡುತ್ತಾರೆ. 1776-1976 ಎಂದು ಎರಡು ಇಸವಿ ಇರುವ ಡೋಲು ಬಾರಿಸುವವನ ಕ್ವಾರ್ಟರ್ ಕೂಡ ಸಾಮಾನ್ಯದ್ದೇ. ಸಂಗ್ರಾಹಕರಿಗೆಂದು ಬೇರೆಯಾಗಿ ಮಾಡಿದ್ದರಲ್ಲಿ ಮಾತ್ರ 40 ಪಾಲು ಬೆಳ್ಳಿ ಇದೆ. ಅಂಚಿನಲ್ಲಿ ಕೆಂಪು ಗೆರೆ ಎದ್ದು ಕಂಡರೆ ಅದು ಆ ಬೆಳ್ಳಿಯದ್ದಲ್ಲ.

ನಮ್ಮ ಕಡೆಯಲ್ಲಿ ಇಂಥ ಕಥೆಗೆ 1911 ಪ್ರಸಿದ್ಧ. ಐದನೆಯ ಜಾರ್ಜ್ ಪಟ್ಟಕ್ಕೆ ಬಂದ ಮೇಲಿನ ಮೊದಲ ನಾಣ್ಯಗಳಲ್ಲಿ, ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲೂ ಕಾಲೂ ಗಿಡ್ಡವಾಗಿ ಹಂದಿಯಂತೆ ಕಂಡಿತು. ಜನ ರೇಗಿದರು. ಸರ್ಕಾರ ಅವಸರದಲ್ಲಿ ನಾಣ್ಯ ಹಿಂದಕ್ಕೆ ಪಡೆದು 1912ರಿಂದ ಆನೆಯನ್ನು ತಿದ್ದಿ ಬರೆಸಿತು. ರೂಪಾಯಿಯಲ್ಲೂ ಪಾವಲಿಯಲ್ಲೂ 1911ರ ಆ ಪುಟ್ಟ ಆನೆ ಇದೆ. ತೂಕದಲ್ಲಿ 1912ರದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸಂಗ್ರಾಹಕರ ಕಣ್ಣಿಗೆ ಅಜಗಜಾಂತರ.

ಇಸವಿಯಷ್ಟೇ ಮುಖ್ಯವಾದದ್ದು ನಾಣ್ಯದ ಸ್ಥಿತಿ. ಇದನ್ನು ನಮ್ಮ ಹೆಂಗಸರಿಗೆ ಒತ್ತಿ ಒತ್ತಿ ಹೇಳುತ್ತೇನೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಳಶಕ್ಕೆ ಹಾಕುವ ಬೆಳ್ಳಿ ನಾಣ್ಯಗಳನ್ನೆಲ್ಲ ಹೊರತೆಗೆದು ವಿಭೂತಿ, ಹಲ್ಲುಪುಡಿ, ಹುಣಸೆಹುಳಿ ಕೈಗೆ ಸಿಕ್ಕಿದ್ದರಲ್ಲಿ ತಿಕ್ಕುವುದು ಮನೆಮನೆಯ ರೂಢಿ. ನಾಣ್ಯದ ಮೇಲಿನ ಕಪ್ಪು, ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಗುಲಿ ಹುಟ್ಟಿದ ತೆಳು ಪೊರೆ. ಅದು ಕೊಳೆಯಲ್ಲ, ಕೆಳಗಿನ ಲೋಹಕ್ಕೆ ಹೊದಿಕೆ. ತಿಕ್ಕಿದಾಗ ಪೊರೆಯ ಜೊತೆ ಬೆಳ್ಳಿಯೂ ಹೋಗುತ್ತದೆ. ದೊರೆಯ ಕೂದಲಿನ ಎಳೆ, ಕಿರೀಟದ ಹರಳು ನುಣ್ಣಗಾಗುತ್ತವೆ. ಮೇಲೆಲ್ಲ ಕೂದಲಿನಷ್ಟು ಸಣ್ಣ ಗೀರು ಬೀಳುತ್ತವೆ. ಅನುಭವಸ್ಥ ಸಂಗ್ರಾಹಕರು ಬೆಳಕಿಗೆ ಓರೆಯಾಗಿ ಹಿಡಿದ ತಕ್ಷಣ ಗೀರು ಗುರುತಿಸಿ ಪಕ್ಕಕ್ಕಿಡುತ್ತಾರೆ. ಪೂಜೆಗೆ ಬೇಕಾದ ನಾಣ್ಯವನ್ನು ಬೇರೆ ಇಟ್ಟುಕೊಂಡು ತೊಳೆಯಿರಿ, ಉಳಿದವನ್ನು ಮುಟ್ಟಬೇಡಿ. ಕೈಯಲ್ಲಿ ಹಿಡಿಯುವಾಗಲೂ ಅಂಚನ್ನೇ ಹಿಡಿಯಬೇಕು.

ಸರ ಮಾಡಿಸಿದ ನಾಣ್ಯದ್ದು ಇನ್ನೊಂದು ವಿಚಾರ. ಪಾವಲಿಗೆ ಕುಣಿಕೆ ಬೆಸೆದು ಕೊರಳಿಗೆ, ತೋಳಿಗೆ ಹಾಕಿಕೊಳ್ಳುವುದು ನಮ್ಮ ನಾಡಿನಲ್ಲಿ ಹಳೆಯ ಪದ್ಧತಿ. ಲಂಬಾಣಿ ಹೆಂಗಸರ ಉಡುಗೆಯಲ್ಲಿ ಹಳೆಯ ಕಾಸುಗಳು ಈಗಲೂ ಕಾಣುತ್ತವೆ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ಕೊಡುವುದು ಅಪರೂಪ. ಅದಕ್ಕಾಗಿ ಕುಣಿಕೆ ಕೀಳಿಸಿದರೆ ಗಾಯದ ಗುರುತು ಉಳಿದು ಎರಡೂ ಹಾಳು. ಸರ ಸರವಾಗಿಯೇ ಇರಲಿ. ಯಾರು ಯಾವ ಹಬ್ಬಕ್ಕೆ ಮಾಡಿಸಿದ್ದು, ಯಾರ ಕೊರಳಿನಲ್ಲಿತ್ತು ಎಂಬುದು ಮನೆಯವರಿಗೆ ಗೊತ್ತಿರುವಾಗ ಅದನ್ನು ಬಿಡಿ ಪಾವಲಿಯ ದರದಲ್ಲಿ ತೂಗುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಘೇಂಡಾಮೃಗದ 25 ಪೈಸೆಯ ಬಗ್ಗೆ ಬಿಡಿಸಿ ಹೇಳಲೇಬೇಕು, ಇದರಿಂದ ನೊಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ‘ಈ ನಾಣ್ಯ ನಿಮ್ಮ ಹತ್ತಿರ ಇದ್ದರೆ ಲಕ್ಷ ಲಕ್ಷ’ ಎಂಬ ಜಾಹೀರಾತು ಮೊಬೈಲಿಗೆ ಬರುತ್ತದೆ. ಫೋನು ಮಾಡಿದರೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮೊದಲು ನಿಮ್ಮಿಂದಲೇ ಹಣ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ: ಹಳೆಯ ನೋಟು-ನಾಣ್ಯಗಳ ಕೊಡುಕೊಳ್ಳುವಿಕೆಗೆ ತನಗೆ ಸಂಬಂಧವಿಲ್ಲ, ಅದಕ್ಕಾಗಿ ಯಾರಿಂದಲೂ ಶುಲ್ಕ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. ಹಿಂದಿನ ದಿನ ಸಂಜೆಯವರೆಗೆ ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಲು ಅವಕಾಶವಿತ್ತು. ದೇವಸ್ಥಾನದ ಹುಂಡಿಯಿಂದ ಬಂದ ಗಂಟುಗಳು, ಮಕ್ಕಳ ಮಣ್ಣಿನ ಕುಡಿಕೆ ಒಡೆದು ತಂದ ಚಿಲ್ಲರೆ, ಎಲ್ಲವನ್ನೂ ಕೌಂಟರಿನ ಮೇಲೆ ಸುರಿದು ಎಣಿಸಿದ ನೆನಪು ನನಗೆ ಇನ್ನೂ ಇದೆ. ಅದರಲ್ಲಿ ಮುಕ್ಕಾಲು ಪಾಲು ಈ ಘೇಂಡಾಮೃಗಗಳೇ. ಅಷ್ಟು ಸಿಗುವ ವಸ್ತುವಿಗೆ ಲಕ್ಷ ಕೊಡುವವರು ಯಾರೂ ಇಲ್ಲ. ಹೊಳಪು ಮಾಸದ, ಚಲಾವಣೆಗೇ ಹೋಗದ ಒಂದೊಂದಕ್ಕೆ ಸಂಗ್ರಾಹಕರು ಸ್ವಲ್ಪ ಹೆಚ್ಚು ಕೊಡುತ್ತಾರೆ, ಅಷ್ಟೆ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಾಲ್ಕೂ ಊರಿನದನ್ನು ಸಾಲಾಗಿ ಕೂಡಿಸುವುದು ಮಕ್ಕಳಿಗೆ ಒಳ್ಳೆಯ ಆಟ. ಖರ್ಚು ಹೆಚ್ಚಿಲ್ಲ, ಕಣ್ಣು ಪಳಗುತ್ತದೆ.

ಅಮೆರಿಕದ ಮಕ್ಕಳು ವಾಪಸು ಹೊರಡುವಾಗ ಅಜ್ಜಿಯಂದಿರು ಪ್ರೀತಿಯಿಂದ ಹಳೆಯ ಪಾವಲಿ, ರೂಪಾಯಿಗಳನ್ನು ಕೈಗಿಡುತ್ತಾರೆ. ಇಲ್ಲಿ ಕಾನೂನು ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡರ ನಾಣ್ಯಗಳೆಲ್ಲ ಇದರೊಳಗೆ ಬಂದಾಯಿತು. ಐದನೆಯ ಜಾರ್ಜರವು ವರ್ಷ ವರ್ಷ ಒಂದೊಂದಾಗಿ ಸೇರಿಕೊಳ್ಳುತ್ತಿವೆ. ಹೊಲ ಉಳುವಾಗ, ಪಾಯ ಅಗೆಯುವಾಗ ಸಿಕ್ಕ ನಾಣ್ಯಗಳಿಗೆ 1878ರ ನಿಧಿ ಕಾಯ್ದೆ ಬೇರೆ ಇದೆ. ಅಂಥದ್ದು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಬಚ್ಚಿಟ್ಟುಕೊಂಡರೆ ಅಪರಾಧ.

ಎದುರುಮನೆಯ ಹುಡುಗಿಗೆ 1950ರ ನಿಕ್ಕಲ್ ಕಾಲು ರೂಪಾಯಿ ಒಂದನ್ನೂ 1957ರ ನಯಾಪೈಸೆ ಒಂದನ್ನೂ ಆರಿಸಿಕೊಟ್ಟೆವು. ಅವಕ್ಕೆ ಯಾವ ತೊಡಕೂ ಇಲ್ಲ. ಬಾಟಲಿಯ ತಳದಲ್ಲಿ ಅಂಚಿನಲ್ಲಿ ಕೆಂಪು ಗೆರೆ ಇಲ್ಲದ ಒಂದೇ ಒಂದು ಕ್ವಾರ್ಟರ್ ಸಿಕ್ಕಿತು. ಇಸವಿ 1961, ತಕ್ಕಡಿಯಲ್ಲಿ 6.2 ಗ್ರಾಂ. ಹಳೆಯ ಕಾಲದಲ್ಲಿ ಅಲ್ಲಿಗೆ ಓದಲು ಹೋಗಿದ್ದ ಅವಳ ಅಜ್ಜನ ತಮ್ಮ ತಂದದ್ದಂತೆ. ಬೆಲೆ ಬೆಳ್ಳಿಯಷ್ಟೇ, ಅದಕ್ಕಿಂತ ಹೆಚ್ಚಿಲ್ಲ ಎಂದು ಹೇಳಿದೆ. “ಮಾರೋದಿಲ್ಲ ಬಿಡಿ,” ಎಂದ ಅಜ್ಜಿ, ಅದನ್ನು ಯಾವುದರಲ್ಲಿ ಇಡಬೇಕು ಎಂದು ಕೇಳಿದರು. ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಆಲ್ಬಂ ಬೇಡ, ವರ್ಷಗಳ ಮೇಲೆ ಅದು ಹಸಿರಾಗಿ ನಾಣ್ಯಕ್ಕೆ ಮೆತ್ತಿಕೊಳ್ಳುತ್ತದೆ; ಒಣಗಿದ ಕಾಗದದ ಲಕೋಟೆ ಸಾಕು, ಮೇಲೆ ತಂದವರ ಹೆಸರು, ವರ್ಷ, ತೂಕ ಪೆನ್ಸಿಲಿನಲ್ಲಿ ಬರೆದಿಡಿ ಎಂದೆ. ಹೆಸರನ್ನು ಮೊಮ್ಮಗಳ ಕೈಲೇ ಕನ್ನಡದಲ್ಲಿ ಬರೆಸಿದರು.